ಪದ ಪರಿಚಯ: ಸೋಫಾ ಅಂಕ

ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಐಸಿಯು ಬಾಗಿಲ ಹೊರಗೆ ಕಾಯುವ ಮನೆಯವರು ‘ಮೈಗೆಲ್ಲಾ ನಂಜು ಏರೈತ್ರಿ’ ಎನ್ನುತ್ತಾರೆ. ಒಳಗೆ ವೈದ್ಯರು ಸೆಪ್ಸಿಸ್ ಎಂದು ಬರೆಯುತ್ತಾರೆ. ಎರಡೂ ಪೂರ್ತಿ ಒಂದೇ ಅಲ್ಲ. ನಂಜು ಸೋಂಕಷ್ಟೇ; ಆ ಸೋಂಕನ್ನು ಎದುರಿಸಲು ಹೊರಟ ದೇಹ ಹದ ತಪ್ಪಿ ತನ್ನ ಅಂಗಗಳನ್ನೇ ಘಾಸಿಗೊಳಿಸತೊಡಗಿದರೆ ಅದು ಸೆಪ್ಸಿಸ್. ಆ ಘಾಸಿಯ ಅಳತೆಯೇ ಸೋಫಾ ಅಂಕ (SOFA, ಅಂದರೆ Sequential Organ Failure Assessment).

1994ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತಜ್ಞರು ರೂಪಿಸಿ, 1996ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ ಈ ಆರಕ್ಕೂ 0ಯಿಂದ 4ರವರೆಗೆ ಅಂಕವಿದ್ದು, ಒಟ್ಟು ಹೆಚ್ಚೆಂದರೆ 24 ಆಗುತ್ತದೆ. ಶಾಲೆಯ ಅಂಕಕ್ಕೆ ಇದು ತದ್ವಿರುದ್ಧ: ಹೆಚ್ಚಿದಷ್ಟೂ ಅಪಾಯ. ಸೋಂಕಿನಿಂದಾಗಿ 2 ಅಥವಾ ಅದಕ್ಕಿಂತ ಹೆಚ್ಚು ಅಂಕ ಏರಿದರೆ ಸೆಪ್ಸಿಸ್ ಎಂಬುದು 2016ರ ವ್ಯಾಖ್ಯೆ.

ಬ್ಯಾಡಗಿ ಸೀಮೆಯ ರೈತರೊಬ್ಬರ ಕಾಲಿನ ಗಾಯ ಕೀತು, ಜ್ವರ ಬಂದು ದಾಖಲಾಗಿದ್ದಾರೆ ಎಂದುಕೊಳ್ಳೋಣ. ಮೊದಲ ದಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 1,60,000, ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶ) 1.1, ಮಾತು ಸ್ಪಷ್ಟ, ಅಂಕ ಸೊನ್ನೆ. ಮರುದಿನ ಪ್ಲೇಟ್‌ಲೆಟ್ 90,000ಕ್ಕೆ ಇಳಿದರೆ 2, ಕ್ರಿಯಾಟಿನಿನ್ 2.1ಕ್ಕೆ ಏರಿದರೆ 2, ಇದು ಯಾವ ಊರೆಂದು ಕೇಳಿದರೆ ತಪ್ಪು ಹೇಳುವಷ್ಟು ಗೊಂದಲವಿದ್ದರೆ 1, ಒಟ್ಟು 5. ಕ್ರಿಯಾಟಿನಿನ್ ಏರಲು ಹೊತ್ತು ಹಿಡಿಯುತ್ತದೆ, ಆದರೆ ಮಂಚಕ್ಕೆ ತೂಗುಹಾಕಿದ ಮೂತ್ರದ ಚೀಲ ಬೇಗ ಸುಳಿವು ಕೊಡಬಲ್ಲದು: 60 ಕಿಲೋ ತೂಕದವರಲ್ಲಿ ಗಂಟೆಗೆ 30 ಮಿಲಿ ಲೀಟರ್‌ಗಿಂತ ಕಡಿಮೆ ಮೂತ್ರ ಬರತೊಡಗಿದರೆ ನರ್ಸ್ ಅದನ್ನು ಕೂಡಲೇ ವೈದ್ಯರಿಗೆ ತಿಳಿಸುತ್ತಾರೆ. ಆ ಚೀಲದ ಲೆಕ್ಕವನ್ನು ಗಂಟೆಗಂಟೆಗೂ ತಪ್ಪದೆ ಬರೆಯುವುದು ನನ್ನ ದೃಷ್ಟಿಯಲ್ಲಿ ಯಾವ ದುಬಾರಿ ಪರೀಕ್ಷೆಗೂ ಕಡಿಮೆಯಲ್ಲ.

ಮುಂದೇನಾಗಬಹುದು ಎಂಬ ಅಂದಾಜಿಗೆ ಒಂದು ದಿನದ ಅಂಕವಷ್ಟೇ ಸಾಲದು, ಅದರ ಏರಿಳಿತವನ್ನೂ ನೋಡಬೇಕು; ಚಿಕಿತ್ಸೆ ನಡೆಯುತ್ತಿದ್ದರೂ ಮೊದಲ 48 ಗಂಟೆಗಳಲ್ಲಿ ಏರುತ್ತಲೇ ಇರುವ ಅಂಕ ಕೆಟ್ಟ ಸೂಚನೆ. ರಕ್ತಪರೀಕ್ಷೆಗೆ ಕಾಯಲಾಗದ ಕಡೆ ಕ್ಯೂಸೋಫಾ ಎಂಬ ಚಿಕ್ಕ ರೂಪವಿದೆ: ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರು, ಮೇಲಿನ ಬಿಪಿ 100 ಅಥವಾ ಕಡಿಮೆ, ಮಂಕಾದ ಅರಿವು. ಇದೊಂದನ್ನೇ ನಂಬಿ ಸೆಪ್ಸಿಸ್ ಇಲ್ಲವೆನ್ನಬಾರದೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎಚ್ಚರಿಸಿದೆ.

ಲೆಕ್ಕಕ್ಕೆ ಬೇಕಾದದ್ದು ಏರಿಕೆಯಾದ್ದರಿಂದ, ಮೊದಲು ಎಷ್ಟಿತ್ತು ಎಂಬುದೂ ತಿಳಿದಿರಬೇಕು. ಹಿಂದಿನ ಕಾಯಿಲೆಯ ವಿವರ ಸಿಗದಿದ್ದರೆ ಆರಂಭದ ಅಂಕವನ್ನು ಸೊನ್ನೆ ಎಂದೇ ಹಿಡಿಯುತ್ತಾರೆ. ವರ್ಷಗಳಿಂದ ಕಿಡ್ನಿ ತೊಂದರೆಯಿದ್ದವರ ಕ್ರಿಯಾಟಿನಿನ್ ಮೊದಲೇ 2.5 ಇದ್ದಿದ್ದರೆ ಅದನ್ನು ಹೊಸ ಪೆಟ್ಟೆಂದು ಎಣಿಸುವಂತಿಲ್ಲ. ಹಾವೇರಿ, ಗದಗಿನಿಂದ ರೋಗಿಯನ್ನು ಕರೆತರುವಾಗ ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ರಿಪೋರ್ಟುಗಳನ್ನೂ ತಂದರೆ ಐಸಿಯುನಲ್ಲಿ ಮೊದಲು ಬಿಚ್ಚುವುದು ಆ ಚೀಲವನ್ನೇ.