ಡಿಂಗೊ: ಸಾಕಿದರೂ ಕಾಡಿಗೆ ಮರಳುವ ನಾಯಿ

ಕಾಡುನಾಯಿ ಅಂದಕೂಡಲೇ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆಯ ಸೀಳುನಾಯಿ. ಅದು ಹೆಸರಿಗಷ್ಟೇ ನಾಯಿ, ಕುಲವೇ ಬೇರೆ. ಆಸ್ಟ್ರೇಲಿಯಾದ ಡಿಂಗೊ ಹಾಗಲ್ಲ. ಅದು ನಮ್ಮ ಬೀದಿನಾಯಿಗೆ ನಿಜವಾದ ನೆಂಟ. ನೋಡುವುದಕ್ಕೂ ಹಾಗೇ ಇದೆ: ಕೆಂಗಂದು ಮೈ, ನೆಟ್ಟಗೆ ನಿಂತ ಕಿವಿ, ಬಿಳಿ ಪಾದ.

ಆಸ್ಟ್ರೇಲಿಯಾಕ್ಕೆ ಅದು ತಾನಾಗಿ ಹೋಗಿದ್ದಲ್ಲ. ನಡುವೆ ಸಮುದ್ರ ಇದೆ, ಅಲ್ವಾ? ಯಾರದೋ ದೋಣಿ ಹತ್ತಿಯೇ ಹೋಗಿರಬೇಕು. ನಲ್ಲರ್‌ಬಾರ್ ಬಯಲಿನ ಮಡೂರಾ ಗುಹೆಯಲ್ಲಿ ಸಿಕ್ಕ ಡಿಂಗೊ ಮೂಳೆಗಳಿಗೆ 3,000 ವರ್ಷಕ್ಕೂ ಜಾಸ್ತಿ ವಯಸ್ಸು. ಅಷ್ಟು ಹೊತ್ತಿಗಾಗಲೇ ದಕ್ಷಿಣದ ಟಾಸ್ಮೇನಿಯಾ ದ್ವೀಪವಾಗಿ, ನಡುವೆ ಸಮುದ್ರ ಬಂದು ಆಸ್ಟ್ರೇಲಿಯಾದಿಂದ ಬೇರೆಯಾಗಿತ್ತು. ಹಾಗಾಗಿ ಡಿಂಗೊ ಅಲ್ಲಿಗೆ ದಾಟಲೇ ಇಲ್ಲ.

ಜನರ ಜೊತೆ ಬಂದ ನಾಯಿ ಕಾಡಿನದಾಯಿತು. ಸಾಕುನಾಯಿಗಿಂತ ಅದು ಬೇರೆ ಅನ್ನುವುದು ಮೈಯೊಳಗೂ ಕಾಣುತ್ತದೆ. ಪಿಷ್ಟ ಅರಗಿಸಲು ಅಮೈಲೇಸ್ ಎಂಬ ಕಿಣ್ವ ಬೇಕು. ಅನ್ನ, ರೊಟ್ಟಿ ತಿಂದು ಬೆಳೆದ ಸಾಕುನಾಯಿಗಳಲ್ಲಿ ಸಾಮಾನ್ಯವಾಗಿ ಅದರ ಜೀನಿಗೆ ಹಲವು ಪ್ರತಿಗಳಿವೆ. ಡಿಂಗೊಗೆ ತೋಳದ ಹಾಗೆ ಎರಡೇ. ಬೆದೆಗೆ ಬರುವುದೂ ವರ್ಷಕ್ಕೊಮ್ಮೆ. ಬೊಗಳುವುದು ಕಡಿಮೆ, ಊಳಿಡುವುದೇ ಜಾಸ್ತಿ.

ಹಾಗಂತ ಮನುಷ್ಯರ ಸಂಗ ಬಿಟ್ಟಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ಬಿಲದಿಂದ ಮರಿ ಎತ್ತಿಕೊಂಡು ಬರುತ್ತಿದ್ದರು. ಹೆಂಗಸರು ಮಕ್ಕಳನ್ನು ನೋಡಿಕೊಂಡ ಹಾಗೇ ನೋಡಿಕೊಳ್ಳುತ್ತಿದ್ದರು, ಕೆಲವು ಕಡೆ ಮೊಲೆಹಾಲೂ ಕುಡಿಸಿದ್ದುಂಟು. ಚಳಿಯ ರಾತ್ರಿ ಮೈಗೆ ಮೈ ತಾಗಿಸಿಕೊಂಡು ಮಲಗುತ್ತಿದ್ದರು. ಒಂದೆರಡು ವರ್ಷದಲ್ಲಿ ಮರಿ ಪ್ರಾಯಕ್ಕೆ ಬಂದು, ಜೋಡಿ ಹುಡುಕಿಕೊಂಡು ಕಾಡಿಗೆ ಹೋಗುತ್ತಿತ್ತು. ತಡೆಯುತ್ತಿರಲಿಲ್ಲ. ಮತ್ತೆ ಬೇರೆ ಮರಿ ಬರುತ್ತಿತ್ತು. ಸಾಕುವುದು ಅಂದರೆ ಕಟ್ಟಿಹಾಕುವುದು ಎಂದುಕೊಂಡಿದ್ದ ನನಗೆ ಇದನ್ನು ಓದಿದಾಗ ಮನಸ್ಸು ತುಂಬಿ ಬಂತು.

ಆಮೇಲೆ ಕುರಿಗಳ ಜೊತೆ ಬಿಳಿಯರು ಬಂದರು. ಕುರಿ ತಿನ್ನುವ ಡಿಂಗೊ ಶತ್ರುವಾಯಿತು. ವಿಷ ಇಟ್ಟರು, ಗುಂಡು ಹೊಡೆದರು, ಬೇಲಿ ಹಾಕಿದರು. ಈಶಾನ್ಯದ ಕ್ವೀನ್ಸ್‌ಲ್ಯಾಂಡ್‌ ರಾಜ್ಯದಿಂದ ದಕ್ಷಿಣದ ಕಡಲಂಚಿನವರೆಗೆ ಆ ಬೇಲಿ ಈಗಲೂ ಇದೆ, ಸುಮಾರು 5,600 ಕಿಲೋಮೀಟರ್ ಉದ್ದ. ಡಿಂಗೊ ಇಲ್ಲದ ಬದಿಯಲ್ಲಿ ಕಾಂಗರೂಗಳು ವಿಪರೀತ ಹೆಚ್ಚಿ, ಹುಲ್ಲು ಬೋಳಾಗುತ್ತದೆ.

ದ್ವೇಷದಿಂದ ಆದ ಹಾನಿ ಇದು. ಸಲಿಗೆಯಿಂದ ಆದದ್ದೂ ಇದೆ. ಹಿಂದೆ ಫ್ರೇಸರ್ ಎಂದು ಕರೆಯುತ್ತಿದ್ದ ಗರಿ ದ್ವೀಪದಲ್ಲಿ ಪ್ರವಾಸಿಗರು ಫೋಟೋಗಾಗಿ ಡಿಂಗೊಗಳಿಗೆ ತಿಂಡಿ ಎಸೆಯುತ್ತಾರೆ. ರುಚಿ ಹತ್ತಿದ ಡಿಂಗೊ ಅಂಜಿಕೆ ಬಿಟ್ಟು ಡೇರೆಯೊಳಗೇ ನುಗ್ಗುತ್ತದೆ. 2001ರಲ್ಲಿ ಅಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಡಿಂಗೊಗಳ ದಾಳಿಗೆ ಬಲಿಯಾದ. ಅದಾದ ಮೇಲೆ ಅನೇಕ ಡಿಂಗೊಗಳನ್ನು ಕೊಂದರು. ಸುಮ್ನೆ ಒಂದು ಬಿಸ್ಕತ್ತು ಎಸೆದವರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಈಗ ಅಲ್ಲಿ ತಿನಿಸು ಹಾಕಿದರೆ ದಂಡ ಕಟ್ಟಬೇಕು.

ಸಿಡ್ನಿಯ ದಕ್ಷಿಣಕ್ಕೆ ಕರಕರಂಗ್ ಎಂಬ ಕಲ್ಲಾಸರೆ ಇದೆ, ಅಂದರೆ ಚಾಚಿದ ಬಂಡೆಯ ಕೆಳಗಿನ ಆಸರೆ. ಸುಮಾರು 2,000 ವರ್ಷ ಹಿಂದೆ ಅಲ್ಲಿ ಮನುಷ್ಯರನ್ನು ಮಣ್ಣು ಮಾಡಿದ ಜಾಗದಲ್ಲೇ ಡಿಂಗೊಗಳನ್ನೂ ಮಣ್ಣು ಮಾಡಿದ್ದರು. ಆ ಮೂಳೆಗಳನ್ನು ಪರೀಕ್ಷಿಸಿದ ವರದಿ 2023ರಲ್ಲಿ ಬಂತು. ಕೆಲವು ಮರಿಗಳು, ಕೆಲವಕ್ಕೆ ಆರೆಂಟು ವರ್ಷ. ಎಲ್ಲವೂ ಕಾಡಿಗೆ ಹೋಗಿರಲಿಲ್ಲ ಅನ್ನಿಸುತ್ತದೆ. ವಯಸ್ಸಾದವುಗಳ ಹಲ್ಲು ತೀರಾ ಸವೆದಿದ್ದವು, ಜನ ಉಂಡು ಬಿಟ್ಟ ದೊಡ್ಡ ಮೂಳೆಗಳನ್ನು ವರ್ಷಗಟ್ಟಲೆ ಕಡಿದು ಕಡಿದು.