ಓದುಗರ ಪ್ರಶ್ನೆ: ಡೊಮಿನಿಕಾದ ಕುದಿಯುವ ಕೆರೆಗೆ ಗೈಡ್ ಇಲ್ಲದೆ ಹೋಗಬಹುದಾ?

ಪ್ರಶ್ನೆ: ಕುಮಾರಪರ್ವತ ಹತ್ತಿ ಅಭ್ಯಾಸ ಇದೆ, ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೀತೀನಿ. ಡೊಮಿನಿಕಾದ ಬಾಯ್ಲಿಂಗ್ ಲೇಕ್‌ಗೆ ಹೋಗಿ ಬರೋದು ಬರೀ 13 ಕಿಲೋಮೀಟರ್ ಅಂತೆ. ಗೈಡ್ ನಿಜವಾಗ್ಲೂ ಬೇಕಾ, ಇಲ್ಲಾ ಸುಮ್ನೆ ದುಡ್ಡು ಕೀಳೋಕೆ ಹೇಳ್ತಾರಾ?

ಬೇಕು. ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನ ಇಲ್ಲ. ಕುಮಾರಪರ್ವತ ಹತ್ತಿದವರಿಗೆ ಈ ದಾರಿಯ ಮುಕ್ಕಾಲು ಭಾಗ ಸಲೀಸು. ತೊಂದರೆ ಇರೋದು ಉಳಿದ ಕಾಲು ಭಾಗದಲ್ಲಿ, ಯಾಕೆಂದರೆ ಅಲ್ಲಿ ದಾರಿ ಅಂತ ಒಂದು ಇರುವುದೇ ಇಲ್ಲ.

ಮೊದಲು ಊರು ಯಾವುದು ಅಂತ ಸರಿ ಮಾಡಿಕೊಳ್ಳೋಣ. ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಟಿಕೆಟ್ ಬುಕ್ ಮಾಡುವಾಗ ಎರಡು ಸಲ ನೋಡಿ. ನಾವು ಮಾತಾಡುತ್ತಿರುವ ಡೊಮಿನಿಕಾ ಗ್ವಾಡೆಲೂಪ್ ಮತ್ತು ಮಾರ್ಟಿನೀಕ್ ನಡುವಿನ ಪುಟ್ಟ ದ್ವೀಪ. ಸುಮಾರು 750 ಚದರ ಕಿಲೋಮೀಟರ್, ಜನಸಂಖ್ಯೆ 70 ಸಾವಿರದ ಆಸುಪಾಸು. ರಾಜಧಾನಿ ರೋಸೋ. ಕ್ರಿಕೆಟ್ ನೋಡುವವರಿಗೆ ಈ ಊರು ಗೊತ್ತಿರುತ್ತದೆ: 2023ರಲ್ಲಿ ಜೈಸ್ವಾಲ್ ಮೊದಲ ಟೆಸ್ಟ್‌ನಲ್ಲೇ 171 ಹೊಡೆದ ವಿಂಡ್ಸರ್ ಪಾರ್ಕ್ ಇಲ್ಲಿಯದೇ. ನಮ್ಮ ದ್ರಾವಿಡ್ ಆಗ ಕೋಚ್, 2011ರಲ್ಲಿ ಇದೇ ಮೈದಾನದಲ್ಲಿ ಆಟಗಾರ. ಟಿವಿಯಲ್ಲಿ ಸ್ಟೇಡಿಯಂ ಹಿಂದೆ ಕಡು ಹಸಿರು ಗುಡ್ಡಗಳು ಕಾಣುತ್ತಿದ್ದವಲ್ಲ, ಕೆರೆ ಇರೋದು ಆ ಗುಡ್ಡಗಳ ಒಳಗೆ, ಮೋರ್ನ್ ತ್ರ್ವಾ ಪಿಟೋನ್ ರಾಷ್ಟ್ರೀಯ ಉದ್ಯಾನದಲ್ಲಿ. 1997ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಡಿಗೆ ಶುರುವಾಗುವುದು ಲೋಡಾ ಅನ್ನುವ ಹಳ್ಳಿಯ ಪಕ್ಕ, ಟಿಟು ಗೋರ್ಜ್ ಹತ್ತಿರ. ಮೊದಲ ಒಂದು ಗಂಟೆ ದಟ್ಟ ಕಾಡು, ಮರದ ದಿಮ್ಮಿಗಳನ್ನು ಅಡ್ಡ ಇಟ್ಟು ಮಾಡಿದ ಮೆಟ್ಟಿಲು, ಅಲ್ಲಲ್ಲಿ ಕೆಸರು. ಬ್ರೇಕ್‌ಫಾಸ್ಟ್ ರಿವರ್ ಅನ್ನುವ ಹೊಳೆ ಬರುತ್ತದೆ, ಎಲ್ಲರೂ ಅಲ್ಲಿ ಕೂತು ಏನಾದರೂ ತಿಂದು ಬಾಟಲಿ ತುಂಬಿಸಿಕೊಳ್ಳುತ್ತಾರೆ. ಅದಾದ ಮೇಲೆ ಏರು. ಮೋರ್ನ್ ನಿಕೊಲ್ಸ್ ಅನ್ನುವ ಬೆಟ್ಟದ ತುದಿಗೆ ಹೋಗಬೇಕು, ಎತ್ತರ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ. ಎತ್ತರ ಲೆಕ್ಕ ಹಾಕಿದರೆ 1712 ಮೀಟರಿನ ಕುಮಾರಪರ್ವತದ ಮುಂದೆ ಇದು ಏನೂ ಅಲ್ಲ, ಆದರೆ ಬೆಟ್ಟ ಹತ್ತಿದ ಖುಷಿಯಲ್ಲಿ ಎಲ್ಲಾ ಮುಗೀತು ಅಂದುಕೊಳ್ಳಬೇಡಿ: ಆ ಕಡೆ ಅಷ್ಟೇ ಕಡಿದಾಗಿ ಕೆಳಗಿಳಿಯಬೇಕು, ಮತ್ತೆ ವಾಪಸ್ ಬರುವಾಗ ಸುಸ್ತಾದ ಕಾಲಲ್ಲಿ ಅದನ್ನೇ ಇನ್ನೊಮ್ಮೆ ಹತ್ತಬೇಕು. ಅಳುವವರು ಅಳೋದು ಅಲ್ಲೇ.

ಇಳಿದ ಕೂಡಲೇ ಹಸಿರು ನಿಂತುಹೋಗುತ್ತದೆ. ವ್ಯಾಲಿ ಆಫ್ ಡೆಸಲೇಶನ್ ಅಂತ ಕರೆಯುವ ಕಣಿವೆ ಇದು. ಮರ ಇಲ್ಲ. ಹಳದಿ, ಬೂದಿ, ತುಕ್ಕಿನ ಬಣ್ಣದ ಕಲ್ಲು. ಒಂದು ತೊರೆ ಹಾಲಿನ ಹಾಗೆ ಬಿಳಿ, ಪಕ್ಕದ್ದು ಇದ್ದಿಲಿನ ಹಾಗೆ ಕಪ್ಪು. ನೆಲದ ತೂತುಗಳಿಂದ ಹಬೆ ಬುಸ್ ಅನ್ನುತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಬೆಳ್ಳಿಗೆ ಅದು ಆಗಿಬರಲ್ಲ. ಉಡಿದಾರ, ಕಾಲುಂಗುರ, ಕೈಗೆ ಹಾಕಿದ ಬೆಳ್ಳಿ ಕಡಗ, ಏನೇ ಇದ್ದರೂ ಕಪ್ಪಾಗುತ್ತದೆ. ರೂಮಿನಲ್ಲೇ ಬಿಚ್ಚಿಟ್ಟು ಹೋಗಿ.

ಗೈಡ್ ಬೇಕಾಗುವುದು ಇಲ್ಲಿ. ಕಣಿವೆಯ ನೆಲ ನೋಡೋಕೆ ಒಣಗಿದ ಮಣ್ಣಿನ ಹಾಗೆ ಇರುತ್ತದೆ, ಆದರೆ ಕೆಲವು ಕಡೆ ಅದು ಬರೀ ತೆಳು ಪದರ, ಕೆಳಗೆ ಕುದಿಯುವ ಕೆಸರು. ಕಾಲಿಟ್ಟರೆ ಮಂಡಿವರೆಗೆ ಸುಟ್ಟುಕೊಳ್ಳಬಹುದು. ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಬಣ್ಣ ನೋಡಿ ಹೇಳುವುದು ಹೊಸಬರಿಗೆ ಆಗದ ಮಾತು. ಇನ್ನೂ ಒಂದು ವಿಷಯ ಇದೆ, ಹಬೆಯ ತೂತುಗಳು ಇದ್ದಲ್ಲೇ ಇರಲ್ಲ. ಮಳೆಯಾದರೆ, ಮಣ್ಣು ಕುಸಿದರೆ, ಹಳೇದು ಮುಚ್ಚಿ ಇನ್ನೆಲ್ಲೋ ಹೊಸದು ಬಾಯಿ ತೆರೆಯುತ್ತದೆ. ಹೋದ ವರ್ಷ ಯಾರೋ ನಡೆದ ಜಿಪಿಎಸ್ ಟ್ರ್ಯಾಕ್ ಡೌನ್‌ಲೋಡ್ ಮಾಡಿಕೊಂಡು ಹೋದರೆ ಅದು ಹೋದ ವರ್ಷದ ನೆಲವನ್ನು ತೋರಿಸುತ್ತದೆ ಅಷ್ಟೇ. ವಾರಕ್ಕೆ ಹಲವು ಸಲ ಅದೇ ಕಣಿವೆ ದಾಟುವ ಗೈಡ್‌ಗೆ ನಿನ್ನೆಯ ನೆಲ ಗೊತ್ತಿರುತ್ತದೆ. ನೀವು ದುಡ್ಡು ಕೊಡೋದು ಅದಕ್ಕೆ. ಅದೇ ಬಿಸಿನೀರಲ್ಲಿ ಮೊಟ್ಟೆ ಬೇಯಿಸಿಕೊಡುವ ಗೈಡ್‌ಗಳೂ ಇದ್ದಾರೆ, ಅದು ಬೋನಸ್.

ಗೈಡ್ ಇದ್ದರೆ ಎಲ್ಲಾ ಸುರಕ್ಷಿತ ಅಂತಲೂ ಅಲ್ಲ. ಇದು ಜೀವಂತ ಜ್ವಾಲಾಮುಖಿ ಪ್ರದೇಶ. 1880ರಲ್ಲಿ ಈ ಕಣಿವೆಯಲ್ಲಿ ಹಬೆಯ ಸ್ಫೋಟವಾಗಿ ಬೂದಿ ರೋಸೋವರೆಗೆ ಬಿದ್ದಿತ್ತು. 1901ರಲ್ಲಿ ಕೆರೆಯ ಬಳಿ ಅನಿಲ ಕುಡಿದು ಇಬ್ಬರು ಸತ್ತರು, ಅವರಲ್ಲಿ ಒಬ್ಬ ಗೈಡೇ. ಹಾಗಾಗಿ ಗೈಡ್ "ಇವತ್ತು ಬೇಡ" ಅಂದರೆ ಚೌಕಾಸಿ ಮಾಡಬೇಡಿ.

ಕಣಿವೆ ದಾಟಿ ಇನ್ನೊಂದಿಷ್ಟು ಹೊಳೆ, ದಿಬ್ಬ ಹತ್ತಿಳಿದರೆ ಕೆರೆ. ಸುಮಾರು 60 ಮೀಟರ್ ಅಗಲದ ಬೂದು ನೀಲಿ ನೀರು, ಮಧ್ಯದಲ್ಲಿ ಉಕ್ಕುತ್ತಾ ಇರುತ್ತದೆ. ಹೊಸಬರು ಇದನ್ನು ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುತ್ತಾರೆ, ಹಾಗಲ್ಲ. ಕಣಿವೆಯಲ್ಲಿ ನೋಡಿದ ಹಬೆಯ ತೂತೇ ಇದೂ, ಆದರೆ ಭಾರೀ ದೊಡ್ಡದು, ಮೇಲೆ ನೀರು ತುಂಬಿಕೊಂಡಿದೆ. 1870ರ ದಶಕದಲ್ಲಿ ಅಳೆದಾಗ ಅಂಚಿನ ನೀರೇ 82ರಿಂದ 92 ಡಿಗ್ರಿ ಸೆಲ್ಸಿಯಸ್ ಇತ್ತು. ಮಧ್ಯದ ನೀರನ್ನು ಅಳೆಯೋಕೆ ಆಗಲಿಲ್ಲ, ಯಾರು ಹತ್ತಿರ ಹೋಗ್ತಾರೆ ಹೇಳಿ.

ವಿಚಿತ್ರ ಅಂದರೆ ಈ ಕೆರೆ ಆಗಾಗ ಖಾಲಿಯಾಗುತ್ತದೆ. 2004ರ ನವೆಂಬರಿನಲ್ಲಿ ಗ್ವಾಡೆಲೂಪ್ ಕಡೆ ದೊಡ್ಡ ಭೂಕಂಪ ಆಯಿತು, ಡಿಸೆಂಬರಿನಲ್ಲಿ ಕೆರೆಯ ನೀರು ಇಳಿದುಹೋಯಿತು, 2005ರಲ್ಲಿ ಮತ್ತೆ ತುಂಬಿತು. ವಿಜ್ಞಾನಿಗಳು ಕೊಡುವ ವಿವರಣೆ ಹೀಗಿದೆ: ಕೆರೆಯ ತಳ ಸೋರುವ ತಳ. ಕೆಳಗಿಂದ ಒಂದೇ ಸಮ ಮೇಲೆ ನುಗ್ಗುವ ಹಬೆ ಮತ್ತು ಅನಿಲವೇ ನೀರನ್ನು ಎತ್ತಿ ಹಿಡಿದಿದೆ. ಆ ಒತ್ತಡ ತಪ್ಪಿದರೆ ನೀರು ಬಂಡೆಯೊಳಗೆ ಇಳಿದುಹೋಗುತ್ತದೆ. ಹೋಗುವ ಮುಂಚೆ ಕೆರೆಯಲ್ಲಿ ನೀರಿದೆಯಾ ಅಂತ ಅಲ್ಲಿಯವರನ್ನು ಕೇಳಿ, ತಮಾಷೆಗೆ ಹೇಳ್ತಿಲ್ಲ. ಎಷ್ಟೋ ಸಲ ಹಬೆಯೇ ಕೆರೆಯನ್ನು ಮುಚ್ಚಿಬಿಟ್ಟಿರುತ್ತದೆ, ಗಾಳಿ ಬೀಸುವ ತನಕ ದಂಡೆಯ ಮೇಲೆ ಕಾಯಬೇಕು. ಅಂಚಿಗೆ ಹೋಗಿ ಸೆಲ್ಫಿ ಬೇಡ, ದಂಡೆಯ ಮಣ್ಣು ಕುಸಿಯುತ್ತದೆ.

ಮಳೆ ವಿಚಾರ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ದ್ವೀಪದ ಒಳಭಾಗದಲ್ಲಿ ವರ್ಷಕ್ಕೆ ಆಗುಂಬೆಯಷ್ಟು ಮಳೆ ಬೀಳುತ್ತದೆ, ಆದರೆ ಆಗುಂಬೆಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯಲ್ಲ, ವರ್ಷಪೂರ್ತಿ ಹಂಚಿಕೊಂಡು ಬರುತ್ತದೆ. ಫೆಬ್ರವರಿಯಿಂದ ಮೇ ತನಕ ಸ್ವಲ್ಪ ಕಡಿಮೆ, ಹೋಗುವುದಾದರೆ ಆಗ ಹೋಗಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಬಂದಾಗ ಇಡೀ ದ್ವೀಪದ ಕಾಡು ಎಲೆ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು.

ಹೋಗಿ ಬರೋಕೆ ಆರೇಳು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಎಂಟರೊಳಗೆ ಹೊರಡಿ, ಯಾಕೆಂದರೆ ಆರು ಗಂಟೆಗೆಲ್ಲ ಕಾಡಿನೊಳಗೆ ಕತ್ತಲು. ಹಿಡಿತ ಇರುವ ಶೂ, ಒಂದು ಜೊತೆ ಒಣ ಬಟ್ಟೆ, ನೀರು, ಊಟ. ನಡುವೆ ಗಿರಿಗದ್ದೆ ಭಟ್ಟರ ಮನೆ ಥರ ಅನ್ನ ಸಾರು ಬಡಿಸುವವರು ಯಾರೂ ಇಲ್ಲ. ವಿಷದ ಹಾವಿನ ಭಯ ಬೇಡ, ಈ ದ್ವೀಪದಲ್ಲಿ ಅವು ಇಲ್ಲವೇ ಇಲ್ಲ. ಸಸ್ಯಾಹಾರಿಗಳು ರೋಸೋದಲ್ಲಿ ಉಪವಾಸ ಬೀಳಲ್ಲ: ಕೆಸುವಿನ ಗೆಡ್ಡೆ, ಬಾಳೆಕಾಯಿ, ದೀವಿ ಹಲಸು ಎಲ್ಲಾ ಅಲ್ಲಿನ ದಿನದ ಊಟ. ಕಲಲೂ ಅನ್ನುವ ಹಸಿರು ಸೂಪನ್ನು ಕೆಸುವಿನ ಎಲೆಯಲ್ಲೇ ಮಾಡುತ್ತಾರೆ, ಆದರೆ ಅದಕ್ಕೆ ಏಡಿ ಹಾಕುವುದು ರೂಢಿ, ಕೇಳಿಯೇ ತಿನ್ನಿ.

ಗೈಡ್‌ಗೆ ಒಬ್ಬರೇ ಕೊಡೋದು ದುಬಾರಿ ಅನ್ನಿಸಿದರೆ ಉಳಿದುಕೊಂಡ ಗೆಸ್ಟ್‌ಹೌಸಿನಲ್ಲಿ ಹೇಳಿ, ಮಾರನೇ ದಿನ ಹೊರಡುವ ಗುಂಪಿಗೆ ಸೇರಿಸುತ್ತಾರೆ. ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇರುವವರನ್ನೇ ಕೇಳಿ. ಗೈಡ್ ಇಲ್ಲದೆ ಸುತ್ತಬೇಕು ಅನ್ನುವ ಹಟ ಇದ್ದರೆ ಅದಕ್ಕೂ ಜಾಗ ಇದೆ: ಟ್ರಫಾಲ್ಗರ್ ಜೋಡಿ ಜಲಪಾತ, ವಾಟನ್ ವೇವನ್‌ನ ಬಿಸಿನೀರಿನ ಕೊಳಗಳು, ದ್ವೀಪದ ಉದ್ದಕ್ಕೂ 14 ತುಂಡುಗಳಲ್ಲಿ ಹರಡಿರುವ ವೈಟುಕುಬುಲಿ ಟ್ರೇಲ್. ಆ ಟ್ರೇಲ್‌ನ ಸುಲಭದ ತುಂಡುಗಳನ್ನು ಒಬ್ಬರೇ ನಡೆಯಬಹುದು. ಕೆರೆಯಿಂದ ವಾಪಸ್ ಬಂದ ಮೇಲೆ ಟಿಟು ಗೋರ್ಜ್‌ನ ತಣ್ಣೀರಲ್ಲಿ ಈಜುವುದು ವಾಡಿಕೆ, ಮಜಾ ಇರುತ್ತದೆ. ಆದರೆ ಮೇಲೆ ಗುಡ್ಡದಲ್ಲಿ ಮಳೆ ಹೊಯ್ಯುತ್ತಿದ್ದರೆ ಇಳಿಯಬೇಡಿ. ಆ ಇಕ್ಕಟ್ಟಿನ ಬಂಡೆಗಳ ನಡುವೆ ನೀರು ಇದ್ದಕ್ಕಿದ್ದಂತೆ ಏರುತ್ತದೆ, ಹತ್ತಿಕೊಳ್ಳೋಕೆ ಪಕ್ಕದಲ್ಲಿ ಜಾಗ ಇರಲ್ಲ.