ಚಿತ್ರದಲ್ಲಿ ಕಾಣದ ಹೊಲಿಗೆ: ಚೀನಾದ ಹಾನ್‌ಫು ಉಡುಪು ಮರಳಿ ಬಂದ ಬಗೆ

ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ ರೇಷ್ಮೆಯ ಮೇಲೆ ಬರೆದ ಚೀನೀ ಸುರುಳಿಚಿತ್ರವೊಂದಿದೆ. 37 ಸೆಂ.ಮೀ. ಎತ್ತರ, 145 ಸೆಂ.ಮೀ. ಉದ್ದ. ಅರಮನೆಯ ಹೆಂಗಸರು ಆಗಷ್ಟೇ ನೇಯ್ದ ರೇಷ್ಮೆಯನ್ನು ಹದ ಮಾಡುತ್ತಿರುವ ದೃಶ್ಯ ಅದು. ನಾಲ್ವರು ಒನಕೆ ಹಿಡಿದು ಬಟ್ಟೆ ಕುಟ್ಟುವವರು. ಅವರಲ್ಲೊಬ್ಬಳು ತೋಳು ಮೇಲಕ್ಕೇರಿಸಿಕೊಳ್ಳುತ್ತಿದ್ದಾಳೆ. ಆಚೆ ಬಟ್ಟೆಯನ್ನು ಎರಡೂ ತುದಿಯಿಂದ ಜಗ್ಗಿ ಹಿಡಿದಿದ್ದಾರೆ, ಕೆಂಡ ತುಂಬಿದ ಹಿಡಿಕೆಯ ಬಾಣಲೆಯಿಂದ ಇಸ್ತ್ರಿ ನಡೆದಿದೆ. ಒಲೆಗೆ ಗಾಳಿ ಹಾಕುವ ಹುಡುಗಿ ಝಳ ತಾಳದೆ ಮುಖ ತಿರುಗಿಸಿಕೊಂಡಿದ್ದಾಳೆ.

ಇವರ ಲಂಗ ಸೊಂಟದಲ್ಲಿಲ್ಲ, ಎದೆಯ ಮೇಲೆ ಕಟ್ಟಿದೆ. ಹೆಗಲ ಮೇಲೆ ಉದ್ದನೆಯ ತೆಳು ಶಲ್ಯ. ಚೀನಾದ ಬಹುಸಂಖ್ಯಾತ ಹಾನ್ ಜನಾಂಗದ ಇಂಥ ಹಳೆಯ ಉಡುಪುಗಳಿಗೆ ಹಾನ್‌ಫು ಎಂದು ಹೆಸರು. ಇವತ್ತು ಷಿಯಾನ್ ನಗರದ ಪ್ರವಾಸಿ ಬೀದಿಗಳಲ್ಲಿ ಬಾಡಿಗೆಗೆ ಸಿಗುವ ‘ತಾಂಗ್ ಕಾಲದ ಉಡುಪು’ (ತಾಂಗ್ ಎಂದರೆ 7ರಿಂದ 10ನೇ ಶತಮಾನದವರೆಗೆ ಆಳಿದ ರಾಜವಂಶ) ಹೆಚ್ಚುಕಡಿಮೆ ಇದೇ. ಆದರೆ ಅಷ್ಟು ಮೇಲೆ ಕಟ್ಟಿದ ಲಂಗ ಜಾರದೆ ನಿಲ್ಲುತ್ತಿದ್ದುದು ಹೇಗೆ? ಒಳಗೆ ಪಟ್ಟಿ ಇತ್ತೇ, ಲಾಡಿಯನ್ನು ಎಷ್ಟು ಸುತ್ತು ಸುತ್ತುತ್ತಿದ್ದರು? ಚಿತ್ರಕಾರನಿಗೆ ಅದನ್ನು ತೋರಿಸುವ ಅಗತ್ಯ ಬೀಳಲಿಲ್ಲ. ದರ್ಜಿಗೆ ಮಾತ್ರ ಅದೇ ಮುಖ್ಯ.

ಇಂಥ ಪ್ರಶ್ನೆಯನ್ನು ಚಿತ್ರದ ಮುಂದೆ ನಿಂತು ಕೇಳಬೇಕಾಗಿ ಬಂದದ್ದಕ್ಕೆ ಕಾರಣ ಹಳೆಯದು. 1644ರಲ್ಲಿ ಈಶಾನ್ಯದ ಮಂಚು ಜನಾಂಗದವರು ಬೀಜಿಂಗ್ ಹಿಡಿದರು. ಮರುವರ್ಷ ಹಾನ್ ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು, ಮಂಚು ಉಡುಪು ತೊಡಬೇಕು ಎಂಬ ಆಜ್ಞೆ ಹೊರಟಿತು. ಒಪ್ಪದ ಊರುಗಳಲ್ಲಿ ರಕ್ತ ಹರಿಯಿತು. ಹೆಂಗಸರಿಗೆ, ಸನ್ಯಾಸಿಗಳಿಗೆ, ರಂಗದ ಮೇಲಿನ ನಟರಿಗೆ ಅಷ್ಟು ಬಿಗಿ ಇರಲಿಲ್ಲ. ಆದರೂ ಎಡಗಡೆಯ ಸೆರಗನ್ನು ಬಲಕ್ಕೆ ಹೊದ್ದು ಲಾಡಿ ಕಟ್ಟುವ ಹಳೆಯ ನಿಲುವಂಗಿ ಗಂಡಸರ ದಿನಬಳಕೆಯಿಂದ ಮರೆಯಾಯಿತು. 1912ರಲ್ಲಿ ಗಣರಾಜ್ಯ ಬಂದಾಗ ಜಡೆ ಹೋಯಿತು, ಹಳೆಯ ಅಂಗಿ ಮರಳಲಿಲ್ಲ. ಗಂಡಸರಿಗೆ ಸೂಟು, ಹೆಂಗಸರಿಗೆ ಚಿಪಾವ್ ಎಂಬ ಉದ್ದಂಗಿ ಬಂದವು.

2001ರಲ್ಲಿ ಶಾಂಘೈಯಲ್ಲಿ ನಡೆದ ಏಪೆಕ್ (ಏಷ್ಯಾ-ಪೆಸಿಫಿಕ್ ಆರ್ಥಿಕ ಸಹಕಾರ ವೇದಿಕೆ) ಸಭೆಯಲ್ಲಿ ದೇಶದೇಶಗಳ ನಾಯಕರಿಗೆ ಚೀನಾದ ಸಾಂಪ್ರದಾಯಿಕ ಉಡುಪೆಂದು ರೇಷ್ಮೆ ಜಾಕೆಟ್ ತೊಡಿಸಲಾಯಿತು. ಅದರ ಮೂಲ ಮಂಚು ಕುದುರೆ ಸವಾರರ ಅಂಗಿ. ಅಂತರ್ಜಾಲದ ಯುವಕರು ಕೆರಳಿದರು. 2003ರ ನವೆಂಬರಿನಲ್ಲಿ ಝೆಂಗ್‌ಝೌ ನಗರದ ವಿದ್ಯುತ್ ಕಾರ್ಮಿಕನೊಬ್ಬ ಹಾನ್‌ಫು ಧರಿಸಿ ಪೇಟೆಬೀದಿಯಲ್ಲಿ ನಡೆದ. ಸಿಂಗಪುರದ ಪತ್ರಿಕೆಯೊಂದು ಅದನ್ನು ವರದಿ ಮಾಡಿತು. ಹಾನ್‌ಫು ಮರಳಿ ತರುವ ಚಳವಳಿ ಅಲ್ಲಿಂದ ಶುರು ಎಂದು ಲೆಕ್ಕ. ಆರಂಭದ ಉಡುಪುಗಳಲ್ಲಿ ಟಿವಿ ಧಾರಾವಾಹಿಯ ನೆರಳೇ ಹೆಚ್ಚು. ಸ್ವಲ್ಪ ದಿನಕ್ಕೇ ‘ಪುರಾವೆ ತೋರಿಸಿ’ ಎನ್ನುವವರು ಹುಟ್ಟಿಕೊಂಡರು. ಪುರಾವೆ ಎಂದರೆ ಎಲ್ಲರ ಕೈಗೂ ಸುಲಭಕ್ಕೆ ಸಿಗುವುದು ಚಿತ್ರಗಳೇ.

ಚಿತ್ರಗಳದ್ದೂ ಒಂದು ತಕರಾರಿದೆ. ಬಾಸ್ಟನ್ನಿನ ಸುರುಳಿಯ ಮೂಲ ಬರೆದವನು 8ನೇ ಶತಮಾನದ ಝಾಂಗ್ ಷುವಾನ್. ಮೂಲ ಉಳಿದಿಲ್ಲ. ಈಗಿರುವುದು 12ನೇ ಶತಮಾನದ ಆರಂಭದ ನಕಲು, ತಾಂಗ್ ನಂತರದ ಸೊಂಗ್ ರಾಜವಂಶದ ಸಾಮ್ರಾಟ ಹುಯಿಜೋಂಗನ ಹೆಸರಿನಲ್ಲಿರುವುದು. ನಡುವೆ ಮೂರು ಶತಮಾನಕ್ಕೂ ಹೆಚ್ಚು ಅಂತರ. ನಕಲುಗಾರ ತನ್ನ ಕಾಲದ ಅಭ್ಯಾಸವನ್ನು ಅರಿವಿಲ್ಲದೆ ಎಲ್ಲಿ ಸೇರಿಸಿದ ಎಂದು ಯಾರು ಹೇಳಬೇಕು?

ಹೇಳಲು ಹೊರಟವರು ಷೆನ್ ತ್ಸೊಂಗ್‌ವೆನ್. ಹೆಸರಾಂತ ಕಾದಂಬರಿಕಾರ; 1949ರ ನಂತರ ಕಥೆ ಬರೆಯುವುದನ್ನು ಬಿಟ್ಟು ಬೀಜಿಂಗಿನ ವಸ್ತುಸಂಗ್ರಹಾಲಯ ಸೇರಿದರು. ಪ್ರಾಚೀನ ಉಡುಪಿನ ಬಗ್ಗೆ ಅವರ ದೊಡ್ಡ ಗ್ರಂಥ 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ರಕಟವಾಯಿತು. ಬೇರೆಯವರು ಚಿತ್ರದ ಕಾಲ ನೋಡಿ ಬಟ್ಟೆಯ ಕಾಲ ನಿರ್ಧರಿಸಿದರೆ, ಅವರು ಬಟ್ಟೆ ನೋಡಿ ಚಿತ್ರದ ಕಾಲವನ್ನೇ ಪ್ರಶ್ನಿಸಿದರು. ಮಂತ್ರಿ ಹಾನ್ ಷಿಝಾಯಿಯ ರಾತ್ರಿ ಔತಣದ ಪ್ರಸಿದ್ಧ ಚಿತ್ರ 10ನೇ ಶತಮಾನದ ದಕ್ಷಿಣ ತಾಂಗ್ ಎಂಬ ರಾಜ್ಯದ (ಮುಂದೆ ಸೊಂಗ್‌ಗೆ ಸೋತದ್ದು) ಆಸ್ಥಾನದ್ದೆಂದು ನಂಬಿಕೆ. ಅದರಲ್ಲಿ ಗಂಡಸರ ಅಂಗಿ ಹಸಿರು. ಸೋತು ಶರಣಾದ ಅಧಿಕಾರಿಗಳಿಗೆ ಸೊಂಗ್ ಸರ್ಕಾರ ಹೊರಿಸಿದ ಬಣ್ಣ ಅದು, ಆದ್ದರಿಂದ ಚಿತ್ರ ಸೊಂಗ್ ಆಳ್ವಿಕೆ ಬಂದ ಮೇಲಿನದು ಎಂದು ವಾದಿಸಿದರು. ಎಲ್ಲರೂ ಒಪ್ಪಬೇಕೆಂದೇನಿಲ್ಲ, ಆದರೆ ಇಂಥ ಕಣ್ಣು ಅಪರೂಪ.

ವಾಯವ್ಯ ಚೀನಾದ ಡುನ್‌ಹುವಾಂಗಿನ ಬೌದ್ಧ ಗುಹೆಗಳ ಕಥೆ ಇನ್ನೂ ತೊಡಕಿನದು. 130ನೇ ಗುಹೆಯಲ್ಲಿ ಸೇನಾಧಿಕಾರಿಯೊಬ್ಬನ ಹೆಂಡತಿ ತನ್ನ ಹೆಣ್ಣುಮಕ್ಕಳು, ದಾಸಿಯರೊಂದಿಗೆ ಬುದ್ಧನಿಗೆ ಕೈಮುಗಿಯುವ 8ನೇ ಶತಮಾನದ ಭಿತ್ತಿಚಿತ್ರವಿದೆ. ಬಣ್ಣ ಬಹುಮಟ್ಟಿಗೆ ಅಳಿದುಹೋಗಿದೆ. 1955ರಲ್ಲಿ ಕಲಾವಿದ ದುವಾನ್ ವೆನ್‌ಜಿಯೆ ಅದರ ಪ್ರತಿ ತೆಗೆದರು. ಅಳಿದ ಜಾಗಗಳನ್ನು ಆ ಕಾಲದ ಬೇರೆ ಆಧಾರಗಳಿಂದ ತುಂಬಿದರು. ಪುಸ್ತಕಗಳಲ್ಲಿ ಅಚ್ಚಾಗುವುದು, ಹೊಲಿಗೆಯವರು ಎದುರಿಗಿಟ್ಟುಕೊಳ್ಳುವುದು ಆ ಪ್ರತಿಯನ್ನೇ. ತಾಂಗ್ ಕಾಲದ್ದೆಂದು ತೊಡುವ ಉಡುಪಿನಲ್ಲಿ 1955ರದ್ದೂ ಒಂದು ಪಾಲಿದೆ.

ಹೊಲಿಗೆ ಕಾಣಬೇಕಾದರೆ ನೆಲ ಅಗೆಯಬೇಕು. ವಾಯವ್ಯ ಚೀನಾದ ತುರ್ಫಾನಿನ ಒಣ ಮರಳಿನ ಅಸ್ತಾನ ಸಮಾಧಿಗಳಲ್ಲಿ 1973ರಲ್ಲಿ ಸಿಕ್ಕ, 688ರಲ್ಲಿ ಹೂತ ಬೊಂಬೆಗಳಿಗೆ ನಿಜವಾದ ರೇಷ್ಮೆ ತೊಡಿಸಿದೆ: ಗಿಡ್ಡ ತೋಳಿನ ಮೇಲಂಗಿ, ಉದ್ದುದ್ದ ಪಟ್ಟೆ ಜೋಡಿಸಿದ ಲಂಗ. ಚಿತ್ರದ ಪಟ್ಟೆ ನೇಯ್ಗೆಯದೋ, ಬೇರೆಬೇರೆ ತುಂಡು ಸೇರಿಸಿದ್ದೋ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. (ಇದೇ ಅಸ್ತಾನದಲ್ಲಿ 1915ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಅಗೆದು ತೆಗೆದ ರೇಷ್ಮೆ ಚಿತ್ರಗಳ ತುಣುಕುಗಳು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ, ತಾಂಗ್ ಹೆಂಗಸರನ್ನು ನೋಡಲು ನಾವು ಚೀನಾಕ್ಕೇ ಹೋಗಬೇಕಿಲ್ಲ.) ಸೊಂಗ್ ಕಾಲಕ್ಕೆ ಫುಝೌ ಹತ್ತಿರದ ಹುವಾಂಗ್ ಷೆಂಗ್ ಸಮಾಧಿ ಆಧಾರ. 1243ರಲ್ಲಿ 17ರ ಹರೆಯದಲ್ಲಿ ತೀರಿಕೊಂಡ ಈ ಗೃಹಿಣಿಯ ಜೊತೆ ನೂರಾರು ಬಟ್ಟೆಗಳನ್ನು ಇಟ್ಟಿದ್ದರು. ಅದರಲ್ಲಿನ ತೋಳಿಲ್ಲದ ಒಂದು ಜಾಲರಿ ರೇಷ್ಮೆಯ ಅಂಗಿಯ ತೂಕ 16.7 ಗ್ರಾಂ. ಹಳೆಯ ಚಿತ್ರಗಳಲ್ಲಿ ಮೈ ಕಾಣುವಷ್ಟು ತೆಳುವಾದ ಮೇಲುಡುಪು ಬರೀ ಕುಂಚದ ಉತ್ಪ್ರೇಕ್ಷೆ ಎಂದುಕೊಂಡವರು ಇದರ ಮುಂದೆ ಸುಮ್ಮನಾಗಬೇಕು.

ಪೇಟೆಯಲ್ಲಿ ಗೆದ್ದದ್ದು ಮಾತ್ರ ಮಂಚುಗಳಿಗಿಂತ ಮುಂಚೆ ಆಳಿದ ಮಿಂಗ್ ರಾಜವಂಶದ ಕಾಲದ ನೆರಿಗೆ ಲಂಗ, ಮಾಮ್ಯೆನ್. ಕನ್‌ಫ್ಯೂಷಿಯಸ್ ವಂಶದವರ ಮನೆಯಲ್ಲಿ ಜೋಪಾನವಾಗಿ ಉಳಿದ ಮಿಂಗ್ ಬಟ್ಟೆಗಳು ಶಾಂದೋಂಗ್ ವಸ್ತುಸಂಗ್ರಹಾಲಯದಲ್ಲಿವೆ. ಅಳತೆ ಪಟ್ಟಿ ಹಿಡಿದು ನೋಡಬಹುದು, ಊಹೆಯ ಕೆಲಸ ಕಡಿಮೆ. ಅದೇ ಪ್ರಾಂತ್ಯದ ತ್ಸಾವ್ ಕೌಂಟಿಯ ಕಾರ್ಖಾನೆಗಳು ಈಗ ಅದನ್ನು ರಾಶಿರಾಶಿ ಹೊಲಿಯುತ್ತವೆ. 2022ರಲ್ಲಿ ಫ್ರಾನ್ಸಿನ ಫ್ಯಾಷನ್ ಕಂಪನಿ ಡಿಯೋರ್‌ನ ಲಂಗವೊಂದು ಮಾಮ್ಯೆನ್‌ನ ನಕಲು ಎಂದು ಆರೋಪಿಸಿ ಚೀನೀ ವಿದ್ಯಾರ್ಥಿಗಳು ಪ್ಯಾರಿಸ್ಸಿನ ಅಂಗಡಿಯ ಮುಂದೆ ಪ್ರತಿಭಟಿಸಿದಾಗ, ಮುಂದೂ ಹಿಂದೂ ನೆರಿಗೆಯಿಲ್ಲದ ಚಪ್ಪಟೆ ಭಾಗ, ಇಕ್ಕೆಲದಲ್ಲಿ ನೆರಿಗೆ ಎಂದು ಕಟ್ಟನ್ನು ಬಿಡಿಸಿ ತೋರಿಸಲು ಅವರಿಗೆ ಸಾಧ್ಯವಾಯಿತು. ತಾಂಗ್ ಲಂಗದ ವಿಷಯದಲ್ಲಿ ಅಂಥ ಜಗಳ ಎದ್ದಿದ್ದರೆ ಮೊದಲು ತಮ್ಮತಮ್ಮಲ್ಲೇ ತೀರ್ಮಾನ ಆಗಬೇಕಿತ್ತು: ಕೆಲವರು ಅದಕ್ಕೆ ಹೆಗಲ ಪಟ್ಟಿ ಹೊಲಿಯುತ್ತಾರೆ, ಕೆಲವರು ಲಾಡಿ ಬಿಗಿದರೆ ಸಾಕು ಎನ್ನುತ್ತಾರೆ, ಇಬ್ಬರೂ ತೋರಿಸುವುದು ಅವೇ ಚಿತ್ರಗಳನ್ನು.